ಬಳ್ಳಾರಿ ಜಾಲಿ ಯಾವುದು, ಕರಿಜಾಲಿ ಯಾವುದು?

ಹೋದ ವಾರ ಹೊಲದ ಬದುವಿನಲ್ಲಿದ್ದ ಮುಳ್ಳುಗಿಡ ತೆಗೀರಿ ಅಂತ ಆಳುಗಳಿಗೆ ಹೇಳಿ ಕೊಪ್ಪಳಕ್ಕೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಅಪ್ಪ ಸಣ್ಣವರಿದ್ದಾಗಿನಿಂದ ಇದ್ದ ಕರಿಜಾಲಿ ಮರವೂ ಉರುಳಿಬಿದ್ದಿತ್ತು. "ಎಲ್ಲಾ ಜಾಲಿನೇ ಅಲ್ಲೇನ್ರಿ ಅಣ್ಣಾರ?" ಅಂದರು. ಅವರದೇನು ತಪ್ಪು, ಬಿಡಿಸಿ ಹೇಳದವನು ನಾನು. ತುಂಬಾ ಸಂಕಟ ಆಯ್ತು. ಗಾಡಿ, ಕುಂಟೆ ಮಾಡೋಕೆ ನಮ್ಮ ಹಿರಿಯರು ನಂಬಿದ್ದ ಮರ ಅದು.

ತೆಗೀಬೇಕಿದ್ದದ್ದು ಬಳ್ಳಾರಿ ಜಾಲಿ. ಹೆಸರಲ್ಲಿ ಬಳ್ಳಾರಿ ಇದ್ದರೂ ಅದರ ತವರು ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆ. ಬ್ರಿಟಿಷರ ಕಾಲದಲ್ಲಿ, 1870ರ ದಶಕದಲ್ಲಿ, ಅದರ ಬೀಜ ಮದ್ರಾಸ್ ಪ್ರಾಂತ್ಯಕ್ಕೆ ಬಂತು. ಆಗ ಬಳ್ಳಾರಿಯೂ ಅದೇ ಪ್ರಾಂತ್ಯದಲ್ಲಿತ್ತು. ಈಗ ನಮ್ಮ ಹಳ್ಳ, ಕೆರೆ ಅಂಗಳ, ರಸ್ತೆ ಬದಿ ಎಲ್ಲಿ ನೋಡಿದರೂ ಅದೇ.

ಗುರುತು ಹಿಡಿಯೋಕೆ ಕಾಯಿ ನೋಡಿ. ಕರಿಜಾಲಿ ಕಾಯಿ ಬೂದು ಬಣ್ಣ, ಕೈಗೆ ಮಕಮಲ್ಲಿನ ಹಾಗೆ ಸಿಗುತ್ತದೆ. ಬೀಜ ಬೀಜದ ನಡುವೆ ಸೊಂಟ ಹಿಂಡಿದಂತೆ ಇರೋದರಿಂದ ಮಣಿಸರದಂತೆ ಕಾಣುತ್ತದೆ. ಬಳ್ಳಾರಿ ಜಾಲಿಯದು ನುಣುಪು, ಮಾಗಿದರೆ ಹುಲ್ಲಿನ ಹಳದಿ, ಒಳಗೆ ಸಿಹಿ. ಕುರಿ ಮೇಕೆ ಅದನ್ನು ತಿಂದು ಹೋದಲ್ಲೆಲ್ಲ ಹಿಕ್ಕೆಯಲ್ಲಿ ಬೀಜ ಬೀಳುತ್ತದೆ, ಹಬ್ಬಿದ್ದು ಹೀಗೇ.

ಕಾಯಿ ಇಲ್ಲದಿದ್ದರೆ ಹೂವು ನೋಡಿ. ಕರಿಜಾಲಿಯದು ಹಳದಿ ಗುಂಡು, ಬಳ್ಳಾರಿ ಜಾಲಿಯದು ಬೆರಳಿನಷ್ಟು ಉದ್ದದ ತೆನೆ. ಆದರೆ ಹೂವೊಂದನ್ನೇ ನಂಬಿಬಿಡಬೇಡಿ, ಯಾಕಂದ್ರೆ ಬನ್ನಿ ಗಿಡದ ಹೂವೂ ತೆನೆಯ ಹಾಗೇ ಉದ್ದ, ದಸರೆಗೆ ಎಲೆ ಹಂಚಿಕೊಳ್ಳುವ ಗಿಡವನ್ನೇ ಕಡಿದುಬಿಟ್ಟರೆ ಏನು ಗತಿ? ಅಲ್ಲಿ ಮುಳ್ಳು ನೋಡಬೇಕು. ಬಳ್ಳಾರಿ ಜಾಲಿಗೆ ಎಲೆಯ ಬುಡದಲ್ಲಿ ಎರಡೆರಡು ಉದ್ದ ಮುಳ್ಳು. ಬನ್ನಿಗೆ ಚಿಕ್ಕ ಮುಳ್ಳು, ಕಡ್ಡಿಯ ಮೇಲೆ ಅಲ್ಲಲ್ಲಿ ಚೆದುರಿರುತ್ತವೆ.

ಇನ್ನೊಂದು ಮಾತು. ಬಳ್ಳಾರಿ ಜಾಲಿಯನ್ನು ಸುಮ್ನೆ ಮೇಲಿಂದ ಕಡಿದರೆ ಒಂದು ಕಾಂಡದ ಜಾಗದಲ್ಲಿ ಹತ್ತು ಚಿಗುರುತ್ತವೆ. ಬುಡದ ಮಣ್ಣು ತೆಗೆದು ಬೊಡ್ಡೆ ಸಮೇತ ಕೀಳಬೇಕು, ಅದೂ ಕಾಯಿ ಮಾಗೋ ಮುಂಚೆ. ಇದ್ದಿಲು ಸುಟ್ಟು ಹೊಟ್ಟೆ ಹೊರೆಯೋರು ಈ ಗಿಡವನ್ನೇ ನಂಬಿದ್ದಾರೆ ಅನ್ನೋದು ಗೊತ್ತು. ಕಡಿದ ಕಟ್ಟಿಗೆ ಅವರಿಗೇ ಕೊಟ್ಟರಾಯ್ತು.

ಕಾಂಗ್ರೆಸ್ ಕಸವೂ ಹೊರಗಿನದೇ, ಆದರೆ ಬಿಳಿ ಹೂವಿನ ಅದನ್ನು ಗುರುತಿಸದವರು ಯಾರಿದ್ದಾರೆ? ಕಷ್ಟ ಇರೋದು ಜಾಲಿಯದ್ದೇ.

ಉಳಿದ ಎರಡು ಕರಿಜಾಲಿ, ಒಂದು ಬನ್ನಿಗೆ ನಿನ್ನೆ ಸುಣ್ಣ ಬಳಿದಿದ್ದೇನೆ. ಸೋಮವಾರ ಮತ್ತೆ ಕಡಿಯೋಕೆ ಬರ್ತಾರೆ. ನಾನು ಬದುವಿನ ಮೇಲೇ ಇರ್ತೀನಿ.