ಕಾಫಿ ಪುಡಿ ಅಂಗಡಿ ನನ್ನದಾಗಬಹುದಿತ್ತು

ಹಾಸನದ ಒಂದು ಕಾಫಿ ಪುಡಿ ಅಂಗಡಿಯಲ್ಲಿ ನಾನು 11 ವರ್ಷ ಕೆಲಸ ಮಾಡಿದೆ. ಮೊದಲು ಪೊಟ್ಟಣ ಕಟ್ಟುವುದು, ಆಮೇಲೆ ಪುಡಿ ಮಾಡುವುದು, ಕೊನೆಗೆ ಬೀಜ ಹುರಿಯುವುದು. ಕೊನೆಯ ಆರು ವರ್ಷ ಬೀಜ ಹುರಿಯುವ ಡ್ರಮ್ಮಿನ ಹತ್ತಿರ ಯಜಮಾನರು ಬಂದು ನಿಂತದ್ದೇ ಇಲ್ಲ. ಅಷ್ಟು ನಂಬಿಕೆ.

ಹುರಿಯುವುದು ಕಣ್ಣಿಗಿಂತ ಜಾಸ್ತಿ ಮೂಗು, ಕಿವಿಯ ಕೆಲಸ. ಹಸಿ ಬೀಜ ಬಿಸಿಯಾಗುವಾಗ ಹುಲ್ಲಿನ ವಾಸನೆ. ಸ್ವಲ್ಪ ಹೊತ್ತಿಗೆ ಕಾವಲಿ ಮೇಲೆ ರೊಟ್ಟಿ ಬೇಯುವ ಹಾಗೆ ಘಮ್ಮನ್ನುತ್ತದೆ. ಆಮೇಲೆ ಚಟಪಟ ಸಿಡಿಯೋಕೆ ಶುರು. ಅಲ್ಲಿಂದ ಮುಂದೆ ಕೈ ಡ್ರಮ್ಮಿನ ಬಾಗಿಲ ಹಿಡಿಯ ಮೇಲೇ ಇರಬೇಕು. ತಡವಾಯಿತೋ, ಬೀಜ ಎಣ್ಣೆ ಬಿಟ್ಟು ಕಪ್ಪಾಗುತ್ತದೆ, ಡಿಕಾಕ್ಷನ್ ಬರೀ ಕಹಿ. ಪೀಬೆರಿ ಹುರಿಯೋದು ಅಂದರೆ ನನಗೆ ಇವತ್ತಿಗೂ ಖುಷಿ. ಒಂದು ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಬೆಳೆದದ್ದು ಅದು. ಗುಂಡಗಿರುತ್ತದೆ, ಚೆನ್ನಾಗಿ ಉರುಳುತ್ತದೆ, ಒಂದೇ ಸಮ ಹುರಿಯುತ್ತದೆ.

ಅಂಗಡಿ ನನ್ನದಾದರೆ ಸಕಲೇಶಪುರದ ರೊಬಸ್ಟಾ, ಬಾಬಾಬುಡನ್‌ಗಿರಿ ಕಡೆಯ ಅರೇಬಿಕಾ ಬೇರೆ ಬೇರೆ ಡಬ್ಬದಲ್ಲಿಟ್ಟು, ಮೇಲೆ ಊರಿನ ಹೆಸರು ಬರೆಯಬೇಕು ಅಂತ ಆಸೆ ಇತ್ತು. ಯಾರಿಗೂ ಹೇಳಿರಲಿಲ್ಲ.

2017ರ ದೀಪಾವಳಿ ಮುಗಿದ ವಾರ ಯಜಮಾನರು ಗಲ್ಲಾ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದರು. "ನೋಡಪ್ಪ, ಹುಡುಗರಿಬ್ಬರೂ ಊರಿಗೆ ವಾಪಸ್ ಬರಲ್ಲ. ನನಗೂ ಮಂಡಿ ನೋವು. ಅಂಗಡಿ ನೀನೇ ನಡೆಸ್ತೀಯಾ?" ಮಿಷನ್ನು, ಸ್ಟಾಕು ಎಲ್ಲ ಸೇರಿ 9 ಲಕ್ಷ. ಮೊದಲು 4 ಕೊಟ್ಟರೆ ಸಾಕು, ಉಳಿದದ್ದು ಮೂರು ವರ್ಷದಲ್ಲಿ. ಕಟ್ಟಡದ ಮಾಲೀಕರ ಹತ್ತಿರ ತಾವೇ ಮಾತಾಡುತ್ತೇನೆ ಅಂದರು.

"ಮನೆಯಲ್ಲಿ ಕೇಳಿ ಹೇಳ್ತೀನಿ ಸಾರ್" ಅಂದೆ.

ಮನೆಯಲ್ಲಿ ನಾನು ಕೇಳಲಿಲ್ಲ. ಒಂಬತ್ತು ಲಕ್ಷ ಅನ್ನೋ ಮಾತು ಬಾಯಿಗೆ ಬರುತ್ತಲೇ ಇರಲಿಲ್ಲ. ನಷ್ಟ ಆದರೆ? ಗಿರಾಕಿ ಕೈಬಿಟ್ಟರೆ? ಲೆಕ್ಕದ ಪುಸ್ತಕ ತೋರಿಸಿ ಅಂತ ಯಜಮಾನರನ್ನು ಕೇಳೋದು ಅಧಿಕಪ್ರಸಂಗ ಅನ್ನಿಸಿತು. ಕೆಲಸದವನು ಯಜಮಾನರ ಲೆಕ್ಕ ಕೇಳೋದುಂಟೇ? ಮಾರಾಟಕ್ಕಿದೆ ಅಂತ ಅವರೇ ಬಾಯಿಬಿಟ್ಟು ಹೇಳಿದ ಮೇಲೂ ನಾನು ಕೆಲಸದವನಾಗಿಯೇ ಯೋಚಿಸುತ್ತಿದ್ದೆ. ನನ್ನ ತಪ್ಪು ಇರೋದು ಅಲ್ಲಿ.

ಈಗ ಕೂತು ನೋಡಿದರೆ, ಲೆಕ್ಕ ಅರ್ಧಕ್ಕಿಂತ ಜಾಸ್ತಿ ನನ್ನ ಹತ್ತಿರವೇ ಇತ್ತು. 100 ಕೆ.ಜಿ. ಹಸಿ ಬೀಜ ಹುರಿದರೆ ಕೈಗೆ ಸಿಗುವುದು 82–84 ಕೆ.ಜಿ. ನೀರಿನಂಶ ಹೋಗಿ ತೂಕ ಇಳಿಯುತ್ತದೆ. ತೂಕ ಹಾಕುತ್ತಿದ್ದವನು ನಾನೇ. ಬೀಜದ ಬಿಲ್ಲು ನನ್ನ ಕೈ ದಾಟಿಯೇ ಒಳಗೆ ಹೋಗುತ್ತಿತ್ತು. ಯಾವ ಮನೆಗೆ ಚಿಕೋರಿ ಇಲ್ಲದ ಪುಡಿ, ಯಾರಿಗೆ 80 ಪಾಲು ಕಾಫಿಗೆ 20 ಪಾಲು ಚಿಕೋರಿ, ಯಾವ ಹೋಟೆಲಿಗೆ 60–40, ಎಲ್ಲ ಬಾಯಿಪಾಠ. ಗೊತ್ತಿಲ್ಲದ್ದು ಮೂರೇ: ಬಾಡಿಗೆ, ಕರೆಂಟ್ ಬಿಲ್ಲು, ಹೋಟೆಲಿನವರ ಉದ್ರಿ ಬಾಕಿ. ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಕೇಳಿ ಮುಗಿಸಬಹುದಿತ್ತು.

ದುಡ್ಡಿಗೂ ದಾರಿ ಇತ್ತು. ಸಣ್ಣ ವ್ಯಾಪಾರದವರಿಗೆ ಅಂತ ಕೇಂದ್ರ ಸರ್ಕಾರದ ಮುದ್ರಾ ಸಾಲ 2015ರಲ್ಲೇ ಶುರುವಾಗಿತ್ತು. ಆಗ ಅಡಮಾನ ಇಲ್ಲದೆ 10 ಲಕ್ಷದವರೆಗೆ ಅರ್ಜಿ ಹಾಕಬಹುದಿತ್ತು. ಬ್ಯಾಂಕಿನವರು ಕೊಡುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು. ನಾನು ಬ್ಯಾಂಕಿನ ಮೆಟ್ಟಿಲೇ ಹತ್ತಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಯಾರೋ ಟೇಪು ಹಿಡಿದು ಅಂಗಡಿಯ ಗೋಡೆ ಅಳೆಯುತ್ತಿದ್ದರು. ಮೊಬೈಲ್ ಅಂಗಡಿ ಮಾಡುತ್ತಾರಂತೆ. ಸಂಜೆ ಯಜಮಾನರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ತಿರುಗಿ ಒಂದು ಮಾತೂ ಆಡಲಿಲ್ಲವಲ್ಲಪ್ಪ. ಇಷ್ಟ ಇಲ್ಲ ಅಂದ್ಕೊಂಡೆ. ಒತ್ತಾಯ ಮಾಡೋದು ಹೇಗೆ?" ಅಂದರು. ಅಷ್ಟು ದಿನವೂ ನನಗೋಸ್ಕರವೇ ಕಾದಿದ್ದರು. ಅದು ಗೊತ್ತಾದಾಗ ಆದ ಸಂಕಟ ಇನ್ನೂ ಹೋಗಿಲ್ಲ.

ಡ್ರಮ್ಮನ್ನು ಟೆಂಪೋಗೆ ಹಾಕಿದ ದಿನ ನಾನೂ ಒಂದು ಕಡೆ ಹೆಗಲು ಕೊಟ್ಟೆ. ಅದು ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ಕಪ್ಪು ಕಲೆ. ಸಂದಿಯಲ್ಲಿ ಬೀಜದ ಸಿಪ್ಪೆ, ಮುಟ್ಟಿದರೆ ಪುಡಿಯಾಗುವಷ್ಟು ಒಣಗಿದ್ದು.

ಗೆಳೆಯರು ಸಮಾಧಾನ ಹೇಳುತ್ತಾರೆ. ತಗೊಂಡಿದ್ದರೆ 2020ರ ಲಾಕ್‌ಡೌನಿನಲ್ಲಿ ಮುಳುಗುತ್ತಿದ್ದೆ, 2024ರಲ್ಲಿ ಬೀಜದ ರೇಟು ಏರಿದ್ದಕ್ಕೆ ಬಾಗಿಲು ಹಾಕುತ್ತಿದ್ದೆ ಅಂತ. ಇರಬಹುದು. ಆದರೆ ನಾನು ಅದನ್ನೆಲ್ಲ ತೂಗಿ ನೋಡಿ ಬೇಡ ಅಂದವನಲ್ಲ. ಬೇಡ ಅಂತ ಕೂಡ ಹೇಳಲಿಲ್ಲ. ಲೆಕ್ಕ ನೋಡಿ, ಆಗಲ್ಲ ಸಾರ್ ಅಂದಿದ್ದರೆ ಇಷ್ಟು ಕಾಡುತ್ತಿರಲಿಲ್ಲ.

ಈಗ ಬೇರೆ ಒಂದು ಕಡೆ ಹುರಿಯುವ ಕೆಲಸ ನನ್ನ ಜವಾಬ್ದಾರಿ. ಕೈ ಕೆಳಗೆ ಅರಕಲಗೂಡು ಕಡೆಯ ಒಬ್ಬ ಹುಡುಗ ಇದ್ದಾನೆ. ಬೀಜ ಸಿಡಿಯುವ ಸದ್ದು ಅವನಿಗೆ ಬೇಗ ಹಿಡಿತಕ್ಕೆ ಬಂತು. ಹಸಿ ತೂಕ, ಹುರಿದ ತೂಕ ಎರಡನ್ನೂ ಅವನ ಕೈಲೇ ಬರೆಸುತ್ತೇನೆ. ಆವತ್ತಿನ ಬೀಜದ ರೇಟನ್ನೂ ಪಕ್ಕದಲ್ಲಿ ಬರೆ ಅಂತೀನಿ. ಮೊನ್ನೆ ಡ್ರಮ್ಮು ಒರೆಸುತ್ತಾ ಅವನೇ ಕೇಳಿದ, "ಅಣ್ಣಾ, ಇದಕ್ಕೆ ತಿಂಗಳಿಗೆ ಕರೆಂಟ್ ಎಷ್ಟು ಬರುತ್ತೆ?"

ಕೈ ಒರೆಸಿಕೊಂಡು ಬಾ ಅಂದೆ. ಬಿಲ್ಲಿನ ಫೈಲು ತೆಗೆದು ಅವನ ಮುಂದಿಟ್ಟೆ.