ಊಟ, ವಸತಿ ಸೇರಿ

ಮುಂಬಯಿಯ ಮಾಟುಂಗಾದ ಆಸುಪಾಸಿನ ನಾಲ್ಕೈದು ಸಣ್ಣ ಹೋಟೆಲುಗಳ ಲೆಕ್ಕಪತ್ರ ಬರೆಯುವುದು ನನ್ನ ವೃತ್ತಿ. ಪ್ರತಿ ತಿಂಗಳು ಏಳನೇ ತಾರೀಕಿನೊಳಗೆ ಪಗಾರದ ಪುಸ್ತಕ ಮುಗಿಯಬೇಕು. ಕಳೆದ ತಿಂಗಳು ಆ ಕೆಲಸಕ್ಕೆಂದು ಕುಳಿತಿದ್ದಾಗ ಮಾಲೀಕರೊಬ್ಬರು, ನಮ್ಮೂರ ಕಡೆಯವರೇ, ನಾನು ಅಣ್ಣ ಎಂದೇ ಕರೆಯುವವರು, ಗಲ್ಲಾದಿಂದ ತಿರುಗಿ ಹೇಳಿದರು: "ಹುಡುಗರಿಗೆ ಎರಡು ಹೊತ್ತಿನ ಊಟ, ಚಾ ತಿಂಡಿ, ಮಲಗಲು ಜಾಗ ಎಲ್ಲ ನನ್ನದೇ ಅಲ್ಲವಾ ಮಾರಾಯ. ಅದನ್ನೂ ಕೂಡಿಸಿ ನೋಡು, ಸರಕಾರ ಹೇಳಿದ ಕನಿಷ್ಠ ಪಗಾರಕ್ಕಿಂತ ಹೆಚ್ಚೇ ಆಗುತ್ತದೆ."

ತಟ್ಟನೆ ಉತ್ತರ ಹೊಳೆಯಲಿಲ್ಲ. ಆ ವಸತಿಯನ್ನು ನಾನೂ ಮೂರು ವರ್ಷ ಉಂಡವನು. ರಾತ್ರಿ ಶಾಲೆ ಮುಗಿಸಿ ಬರುವ ಹೊತ್ತಿಗೆ ಶಟರ್ ಅರ್ಧ ಇಳಿದಿರುತ್ತಿತ್ತು. ಒರೆಸಿದ ಎರಡು ಮೇಜುಗಳನ್ನು ಜೋಡಿಸಿ, ಅವುಗಳ ತೇವ ಆರುವ ಮೊದಲೇ ಚಾಪೆ ಹಾಸಿ ಮಲಗಿದರೆ, ಬೆಳಗಿನ ಜಾವ ಹಾಲಿನ ಕ್ಯಾನು ಬರುವವರೆಗೆ ಅದು ನಮ್ಮ ಮನೆ. ಆಮೇಲೆ ಅದು ಗಿರಾಕಿಗಳ ಮೇಜು. ಮಾಲೀಕರಿಗೆ ಇದಕ್ಕಾಗಿ ಒಂದು ಪೈಸೆಯೂ ಹೆಚ್ಚು ತಗಲುತ್ತಿರಲಿಲ್ಲ, ಆದರೆ ನಮಗೆ ಖೋಲಿಯ ಬಾಡಿಗೆ ಉಳಿಯುತ್ತಿತ್ತು ಎಂಬುದೂ ನಿಜ. ಹೀಗಾಗಿ ಈ ಜಾಗಕ್ಕೆ ಬೆಲೆ ಕಟ್ಟುವಾಗ ಯಾರ ಲೆಕ್ಕ ಹಿಡಿಯಬೇಕು ಎನ್ನುವುದೇ ಜಗಳದ ಮೂಲ.

ಕಾನೂನು ಈ ಪ್ರಶ್ನೆಯನ್ನು ಮೊದಲೇ ಕಂಡಿತ್ತು. 1948ರ ಕನಿಷ್ಠ ವೇತನ ಕಾಯ್ದೆಯ ಪ್ರಕಾರ ವೇತನವನ್ನು ನಗದಾಗಿಯೇ ಕೊಡಬೇಕಿತ್ತು. ಒಂದು ಭಾಗವನ್ನು ವಸ್ತುರೂಪದಲ್ಲಿ ಕೊಡಲು ಸರಕಾರದ ಅನುಮತಿ ಬೇಕಿತ್ತು. ಅದರ ಜಾಗಕ್ಕೆ 2025ರ ನವೆಂಬರ್ 21ರಿಂದ ಬಂದಿರುವ ವೇತನ ಸಂಹಿತೆಯಲ್ಲಿ, ಪಗಾರಕ್ಕೆ ಬದಲಾಗಿ ವಸ್ತುರೂಪದಲ್ಲಿ ಕೊಟ್ಟದ್ದು ಒಟ್ಟು ವೇತನದ ಶೇ 15ರ ಮಿತಿಯೊಳಗೆ ಮಾತ್ರ ವೇತನವೆನಿಸುತ್ತದೆ. ಅಣ್ಣನವರ ಬಾಯಿಲೆಕ್ಕದಲ್ಲಿ ಅದು ಅರ್ಧಕ್ಕೆ ಹತ್ತಿರವಿತ್ತು.

ಆದರೆ ನನ್ನನ್ನು ಕಾಡುವುದು ಈ ಮಿತಿಗಿಂತ ಅದರ ಹಿಂದಿರುವ ಕುಟುಂಬದ ಲೆಕ್ಕ. ಸರಕಾರ, ಮಾಲೀಕರು, ಕಾರ್ಮಿಕರು ಕೂಡಿ ಕೂರುವ ಭಾರತೀಯ ಕಾರ್ಮಿಕ ಸಮ್ಮೇಳನವು 1957ರಲ್ಲಿ, ಬಳಕೆಯ ಲೆಕ್ಕದಲ್ಲಿ ದುಡಿಯುವವನನ್ನು 1, ಹೆಂಡತಿಯನ್ನು 0.8, ಇಬ್ಬರು ಮಕ್ಕಳನ್ನು ತಲಾ 0.6 ಎಂದು ಹಿಡಿದು ಒಟ್ಟು ಮೂರು ಘಟಕಗಳ ಕುಟುಂಬಕ್ಕೆ ವೇತನ ಕಟ್ಟಲು ಹೇಳಿತು. ಘಟಕವೊಂದಕ್ಕೆ ದಿನಕ್ಕೆ 2,700 ಕ್ಯಾಲೊರಿ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಇಂಧನ ದೀಪ ಇತ್ಯಾದಿಗೆ ಒಟ್ಟು ವೇತನದ ಶೇ 20, ಬಾಡಿಗೆಗೆ ಸರಕಾರಿ ಕೈಗಾರಿಕಾ ವಸತಿ ಯೋಜನೆಯ ಮನೆಯ ದರ. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಶಿಕ್ಷಣ, ಔಷಧೋಪಚಾರ, ಹಬ್ಬ, ಮದುವೆ, ಮುಪ್ಪು ಇವುಗಳಿಗೆ ಇನ್ನೂ ಶೇ 25 ಸೇರಿಸಬೇಕೆಂದಿತು. ಕೇಂದ್ರದ ತಜ್ಞರ ಸಮಿತಿ 2019ರಲ್ಲಿ ದಿನಕ್ಕೆ 375 ರೂಪಾಯಿ ಶಿಫಾರಸು ಮಾಡಿ, ನಗರದವರಿಗೆ ಪ್ರತ್ಯೇಕ ಮನೆ ಬಾಡಿಗೆ ಭತ್ಯೆಯಾಗಿ ತಿಂಗಳಿಗೆ 1,430 ರೂಪಾಯಿವರೆಗೆ ಸೂಚಿಸಿತು. ಆ ಹಣಕ್ಕೆ ಮುಂಬಯಿಯಲ್ಲಿ ಏನು ಸಿಗುತ್ತದೆಂದು ದಲಾಲರನ್ನು ಕೇಳಲು ನನಗೆ ಧೈರ್ಯವಾಗಲಿಲ್ಲ.

ಅದೇ ಹೋಟೆಲಿನ ಭಂಡಾರಿ, ಅಂದರೆ ಅಡುಗೆಯವನು, ಕುಂದಾಪುರದ ಕಡೆಯವನು, ದೋಸೆ ಕಾವಲಿಯ ಮುಂದೆ ಹದಿನಾಲ್ಕು ವರ್ಷ ನಿಂತ ಮೇಲೆ ಹೆಂಡತಿ ಮತ್ತು ಮಗಳನ್ನು ಕರೆತಂದು ದೂರದ ಉಪನಗರ ದಿವಾದಲ್ಲಿ ಒಂದು ಖೋಲಿ ಹಿಡಿದ. ಕೈಗೆ ಬರುವುದು 19,000. ಬಾಡಿಗೆ 6,500, ಲೈಟು ಬಿಲ್ಲು ಬೇರೆ, ಮಗಳ ಶಾಲೆ, ಲೋಕಲ್ ಟ್ರೇನಿನ ಪಾಸು, ಸಾಲ ಮಾಡಿ ಕಟ್ಟಿದ ಡಿಪಾಸಿಟ್ಟಿನ ಕಂತು. ಹನ್ನೊಂದು ತಿಂಗಳ ಕರಾರು ಮುಗಿದು ಖೋಲಿಯ ಮಾಲೀಕರು ಬಾಡಿಗೆ ಏರಿಸಿದ ದಿನ ಹೆಂಡತಿ ಮಗಳನ್ನು ಊರಿನ ಬಸ್ಸು ಹತ್ತಿಸಿ, ಟ್ರಂಕು ಹೊತ್ತು ಮತ್ತೆ ಹೋಟೆಲಿನ ಪೋಟಮಾಳಿಗೆ, ಅಂದರೆ ಅಟ್ಟಕ್ಕೆ, ಏರಿದ. "ವಸತಿ ಬಿಟ್ಟು ಹೋದದ್ದು ಅವನು, ನಾನು ಬಿಡಿಸಿದ್ದಲ್ಲ" ಎಂದರು ಅಣ್ಣ. ಮಾತು ಸರಿ; ಆದರೆ ಆ ವಸತಿ 1ಕ್ಕೆ ಮಾತ್ರ ಸಾಲುತ್ತಿತ್ತು, ಉಳಿದ ಭಿನ್ನಾಂಕಗಳಿಗೆ ಅಲ್ಲಿ ಜಾಗವಿರಲಿಲ್ಲ.

ಮಾಲೀಕರ ಕಷ್ಟ ಸುಳ್ಳೆಂದು ನಾನು ಹೇಳಲಾರೆ. ಅಂಗಡಿಯ ಬಾಡಿಗೆ, ಸಿಲಿಂಡರಿನ ದರ, ಮನೆಗೆ ತಲುಪಿಸುವ ಆ್ಯಪುಗಳ ಕಮಿಷನ್ ಎಲ್ಲವೂ ನನ್ನ ಕೈಯಿಂದಲೇ ಬರೆದವು. "ಇಡ್ಲಿಗೆ ಒಂದು ರೂಪಾಯಿ ಏರಿಸಿದರೂ ಗಿರಾಕಿ ಪಕ್ಕದ ಹೋಟೆಲಿಗೆ ಹೋಗುತ್ತಾನೆ" ಎಂದು ಅಣ್ಣ ಅಂದಾಗ ಅಲ್ಲೇ ಲೆಕ್ಕ ಹಾಕಿದೆ. ಅವರ ಎಂಟು ಜನರಿಗೆ ಪಗಾರ ತಲಾ 2,000 ಹೆಚ್ಚಿಸಿದರೆ ತಿಂಗಳಿಗೆ 16,000. ದಿನಕ್ಕೆ 400 ಪ್ಲೇಟಿನಂತೆ ಮೂವತ್ತು ದಿನಕ್ಕೆ 12,000 ಪ್ಲೇಟು. ಪ್ಲೇಟಿಗೆ 1 ರೂಪಾಯಿ 33 ಪೈಸೆ. ಪಕ್ಕದವನು ಪುಸ್ತಕದಲ್ಲಿ ಪೂರ್ತಿ ಪಗಾರ ತೋರಿಸಿ, ರುಜು ಹಾಕಿಸಿಕೊಂಡು, ಹಿಂದಿನ ಬಾಗಿಲಲ್ಲಿ ನಗದು ವಾಪಸು ಪಡೆಯುವುದಾದರೆ ಈ 1.33 ಪ್ರಾಮಾಣಿಕನಿಗೆ ಬೀಳುವ ದಂಡವೇ ಸರಿ. ಕನಿಷ್ಠ ವೇತನ ಎಲ್ಲರಿಗೂ ಒಂದೇ ದಿನ, ಒಂದೇ ಬಿಗಿಯಲ್ಲಿ ಅನ್ವಯಿಸಬೇಕೆಂದು ನಾನು ವಾದಿಸುವುದು ಅಣ್ಣನಂಥವರ ಹಿತಕ್ಕಾಗಿಯೂ ಹೌದು. 1982ರಲ್ಲಿ ದೆಹಲಿಯ ಏಷ್ಯಾಡ್ ಕ್ರೀಡಾಕೂಟದ ಕಾಮಗಾರಿಯ ಕೂಲಿಕಾರರ ಮೊಕದ್ದಮೆಯಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು ಹೇಳಿದ್ದನ್ನು ಅವರಿಗೆ ತಿಳಿಸಿದೆ. "ನಾನು ಯಾರನ್ನು ಕಟ್ಟಿ ಹಾಕಿದ್ದೇನೆ?" ಎಂದು ನೊಂದುಕೊಂಡರು.

ಊಟ ವಸತಿಯ ಕಾಲಮನ್ನು ಶೇ 15ಕ್ಕೆ ಇಳಿಸಲು ಕೊನೆಗೆ ಒಪ್ಪಿದ್ದಾರೆ. ಎಂಟು ಜನರ ಏರಿಕೆಯನ್ನು ದೀಪಾವಳಿ ಕಳೆದ ಮೇಲೆ ನೋಡೋಣ ಎಂದಿದ್ದಾರೆ. ಇಡ್ಲಿಯ ದರ ಮಾತ್ರ ಈ ಸೋಮವಾರದಿಂದಲೇ ಎರಡು ರೂಪಾಯಿ ಏರಿದೆ.