ಪಾಪ, ಬನ್ಸ್ ಏನು ಮಾಡಿತ್ತು?

ನಾನಾಗ ಮೂರನೇ ಕ್ಲಾಸು. ದಸರಾ ರಜೆಗೆ ಉಡುಪಿಯಿಂದ ತೀರ್ಥಹಳ್ಳಿಯ ಅಜ್ಜಿ ಮನೆಗೆ ಹೊರಟಿದ್ದೆವು. ಬಸ್ ಬಿಡಲು ಇನ್ನೂ ಟೈಮಿತ್ತು ಅಂತ ಅಪ್ಪ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಬನ್ಸ್ ಕೊಡಿಸಿದರು. ಎರಡು ತಿಂದೆ. ಅಪ್ಪನ ಪ್ಲೇಟಿನಿಂದ ಇನ್ನರ್ಧ.

ಹೆಬ್ರಿ ದಾಟುವವರೆಗೆ ಸುಖವಾಗಿದ್ದೆ. ಸೋಮೇಶ್ವರ ಆದ ಮೇಲೆ ಆಗುಂಬೆ ಘಾಟಿ. 14 ತಿರುವು. ಐದನೆಯದೋ ಆರನೆಯದೋ ತಿರುವಿನಲ್ಲಿ ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಮುಂದಿನದ್ದು ಬೇಡ ಬಿಡಿ. ಹಿಂದಿನ ಸೀಟಿನವರು ಅಪ್ಪನ ಮೇಲೆ ಜಗಳಕ್ಕೇ ಬಂದಿದ್ದರು.

ಕರಾವಳಿಯ ಬನ್ಸ್ ಗೊತ್ತಿಲ್ಲದವರಿಗೆ: ಇದು ಬೇಕರಿಯ ಬನ್ ಅಲ್ಲ. ಕಪ್ಪಾಗುವಷ್ಟು ಕಳಿತ ಬಾಳೆಹಣ್ಣು ಹಿಸುಕಿ, ಮೈದಾ, ಮೊಸರು, ಸಕ್ಕರೆ, ಚೂರು ಜೀರಿಗೆ ಹಾಕಿ ಕಲಸಿ ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ದಪ್ಪ ಪೂರಿಯ ಹಾಗೆ ಲಟ್ಟಿಸಿ ಕರಿಯುತ್ತಾರೆ. ಬಿಸಿ ಇರುವಾಗ ಮುರಿದರೆ ಒಳಗೆ ಜೇನುಗೂಡಿನ ಹಾಗೆ ತೂತು ತೂತು. ಮೊದಲು ಹಣ್ಣಿನ ಹಬೆ ಮೂಗಿಗೆ ಬರುತ್ತದೆ, ಆಮೇಲೆ ಜೀರಿಗೆ.

ಆ ಹಬೆಯೇ ನನಗೆ ವೈರಿಯಾಯಿತು. ಬಸ್ಸಿನ ಮೇಲೆ ಸಿಟ್ಟಿಲ್ಲ, ತಿರುವಿನ ಮೇಲೂ ಇಲ್ಲ. ಸಿಕ್ಕಿಬಿದ್ದದ್ದು ಬನ್ಸ್!

ಇದು ನನ್ನೊಬ್ಬಳ ಹುಚ್ಚಲ್ಲ ಅಂತ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಅಮೆರಿಕದ ಜಾನ್ ಗಾರ್ಸಿಯಾ ಎಂಬ ವಿಜ್ಞಾನಿ 1955ರಲ್ಲಿ ಇಲಿಗಳಿಗೆ ಸ್ಯಾಕರಿನ್ ಹಾಕಿದ ಸಿಹಿ ನೀರು ಕೊಟ್ಟು ಹೊಟ್ಟೆ ಕೆಡಿಸುವ ವಿಕಿರಣಕ್ಕೆ ಒಡ್ಡಿದರು. ಅವು ಆಮೇಲೆ ಸಿಹಿ ನೀರನ್ನು ದೂರ ಇಟ್ಟವು. 1966ರಲ್ಲಿ ಇನ್ನೂ ಚಂದದ ಪ್ರಯೋಗ. ಇಲಿ ಸಿಹಿ ನೀರು ನೆಕ್ಕಿದಾಗಲೆಲ್ಲ ಬೆಳಕು ಮಿನುಗಿ ಸದ್ದಾಗುವ ಹಾಗೆ ಮಾಡಿದರು. ಕೆಲವಕ್ಕೆ ಹೊಟ್ಟೆ ಕೆಡಿಸಿದರು, ಕೆಲವಕ್ಕೆ ಕಾಲಿಗೆ ಶಾಕ್ ಕೊಟ್ಟರು. ಹೊಟ್ಟೆ ಕೆಟ್ಟ ಇಲಿಗಳು ದೂರಿದ್ದು ರುಚಿಯನ್ನು ಮಾತ್ರ, ಬೆಳಕು ಸದ್ದನ್ನಲ್ಲ. ಕಾಲಿಗೆ ಶಾಕ್ ತಿಂದವು ಬೆಳಕು ಸದ್ದಿಗೆ ಹೆದರಿದವು, ರುಚಿಯ ತಂಟೆಗೆ ಹೋಗಲಿಲ್ಲ. ಹೊಟ್ಟೆ ತೊಳಸಿದರೆ ಮೆದುಳು ಸೀದಾ ತಿಂದದ್ದರ ಕೊರಳಪಟ್ಟಿ ಹಿಡಿಯುತ್ತದೆ. ಅದೂ ಗಂಟೆಗಟ್ಟಲೆ ಹಿಂದೆ ತಿಂದದ್ದಾದರೂ.

ಆದರೆ ನನ್ನ ಕಥೆಯಲ್ಲಿ ಒಂದು ತೊಡಕಿದೆ. ಮನೆಯಲ್ಲಿ ಅಮ್ಮ ಬನ್ಸ್ ಮಾಡಿದರೆ ನಾಲ್ಕು ತಿನ್ನುತ್ತೇನೆ. ಅದೇ ಹಣ್ಣು, ಅದೇ ಜೀರಿಗೆ. ಬಸ್ ಸ್ಟ್ಯಾಂಡಿನಲ್ಲಿ ಮಾತ್ರ ಗಂಟಲು ಮುಚ್ಚಿಕೊಳ್ಳುತ್ತದೆ. "ಸುಮ್ನೆ ನಾಟಕ" ಅನ್ನುತ್ತಾನೆ ತಮ್ಮ.

ನಾಟಕ ಅಲ್ಲ ಮಾರಾಯ. ರುಚಿ ಗುರುತಿಸುವ ಜಾಗ ಮೆದುಳಿನ ಇನ್ಸುಲಾ ಎಂಬ ಮಡಿಕೆಯಲ್ಲಿದೆ. ಜಾಗದ ನೆನಪು ನೋಡಿಕೊಳ್ಳುವುದು ಹಿಪೊಕ್ಯಾಂಪಸ್. ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗಲೇ ಚುರುಕಾಗುವ ಕೋಶಗಳು ಅಲ್ಲಿವೆ ಅಂತ ಜಾನ್ ಓಕೀಫ್ 1971ರಲ್ಲಿ ತೋರಿಸಿದ್ದರು. ರುಚಿಯ ಪಾಠ ಕಲಿಯುವಾಗ ಈ ಹಿಪೊಕ್ಯಾಂಪಸ್ ಕೂಡ ಕೈಹಾಕುತ್ತದೆ ಅಂತ 2014ರಲ್ಲಿ ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯ ಮತ್ತು ಜಪಾನಿನ ರೈಕೆನ್ ಸಂಸ್ಥೆಯವರು ಇಲಿಗಳಲ್ಲೇ ಕಂಡರು. ಏನು ತಿಂದೆ ಅನ್ನುವುದರ ಜೊತೆ ಎಲ್ಲಿ ತಿಂದೆ ಅನ್ನುವುದೂ ದಾಖಲಾಗುತ್ತದೆ. ನನ್ನ ಲೆಕ್ಕದಲ್ಲಿ ಸ್ಟ್ಯಾಂಡಿನ ಬನ್ಸ್ ಬೇರೆ, ಅಮ್ಮನ ಬನ್ಸ್ ಬೇರೆ. ಡೀಸೆಲ್ ವಾಸನೆ, ಕಂಡಕ್ಟರ್ ಕೂಗು, ಸ್ಟೀಲ್ ಪ್ಲೇಟಿನ ಸದ್ದು ಎಲ್ಲ ಸೇರಿಯೇ ಅದೊಂದು ತಿಂಡಿ.

ಹೋದ ತಿಂಗಳು ತಮ್ಮನ ಜೊತೆ ಮತ್ತೆ ಅದೇ ದಾರಿ. ಅದೇ ಹೋಟೆಲು ಇನ್ನೂ ಇದೆ. ಅವನು ನನ್ನೆದುರೇ ಬನ್ಸ್ ಬಾರಿಸಿದ. ನಾನು ಬರೀ ಕಾಫಿ ಕುಡಿದೆ. ನಾಲ್ಕು ಬನ್ಸ್ ಪಾರ್ಸೆಲ್ ಮಾಡಿಸಿ ಬ್ಯಾಗಿಗೆ ಹಾಕಿಕೊಂಡ.

ಸಂಜೆ ಅಜ್ಜಿ ಮನೆಯ ಅಡುಗೆಕೋಣೆಯಲ್ಲಿ ಪೊಟ್ಟಣ ಬಿಚ್ಚಿದೆವು. ತಣ್ಣಗಾಗಿ ಚರ್ಮದ ಹಾಗೆ ಎಳೆಯುತ್ತಿತ್ತು. ಒಂದು ತಿಂದೆ.

"ಅದೇ ಹೋಟೆಲಿನದ್ದು, ಗೊತ್ತಲ್ವಾ ಅಕ್ಕ?" ಅಂದ.

ಗೊತ್ತಿತ್ತು. ಇನ್ನೊಂದು ಉಳಿದಿದೆಯಾ ಅಂತ ಕೇಳಿದೆ.